ನಲವತ್ತೆರಡನೆಯವಳು

ಬಾಗಿಲ ಕಲ್ಲು ಬಿದ್ದ ರಭಸಕ್ಕೆ ಚಾಣಿಯ ಹಲ್ಲುಗಳೇ ಅದುರಿದವು. ಹಿಂದೆಯೇ ಕಗ್ಗತ್ತಲು. ಧೂಳು ಮೂಗಿಗಡರಿ ಯಾರೋ ಕೆಮ್ಮಿದರು.

"ಇದ್ದಲ್ಲೇ ಇರಿ. ಯಾರೂ ಅಲ್ಲಾಡಬೇಡಿ." ಇನ್‌ಸ್ಪೆಕ್ಟರಮ್ಮನ ದನಿ.

ಟಾರ್ಚು ಹತ್ತಿತು. ಬೆಳಕು ನೇರ ಬಾಗಿಲ ಕಡೆಗೆ ಓಡಿತು. ಅರೆ ನಿಮಿಷದ ಹಿಂದೆ ಬೆಳಗಿನ ಬಿಸಿಲು ಬೀಳುತ್ತಿದ್ದ ಜಾಗದಲ್ಲಿ ಈಗ ಒಂದೇ ಕಲ್ಲಿನ ಚಪ್ಪಡಿ ನಿಂತಿತ್ತು. ಎರಡಾಳೆತ್ತರ, ಒಂದು ಮೊಳ ದಪ್ಪ. ಎರಡು ಬದಿಯ ಕಚ್ಚುಗಳಲ್ಲಿ ಎಷ್ಟು ಬಿಗಿಯಾಗಿ ಕೂತಿತ್ತೆಂದರೆ ನಡುವೆ ಉಗುರೂ ತೂರುವಂತಿರಲಿಲ್ಲ.

ಕೋಟೆಯ ಕ್ಯುರೇಟರ್ ಹೋಗಿ ಅದಕ್ಕೆ ಭುಜ ಕೊಟ್ಟ. ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಅಂಗಿಗೆ ಸುಣ್ಣ ಮೆತ್ತಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

"ಸುಮ್ನೆ ಯಾಕೆ ಸಾರ್ ಮೈ ನೋಯಿಸ್ಕೋತೀರ," ಎಂದಳು ಚಾಣಿ. "ಮೇಲಿನ ಕೋಣೇಲಿ ರಾಟೆ ತಿರುಗಿಸಿದ್ರೆ ಮಾತ್ರ ಏಳೋದು. ಹೋದ ವರ್ಷ ಸರಪಳಿ ಕೂರಿಸಿದ್ದು ನಾವೇ ಅಲ್ವಾ."

ನಾವೇ ಎಂದದ್ದಕ್ಕೆ ಅವಳ ನಾಲಿಗೆಯೇ ತಡವರಿಸಿತು. ನಾವು ಎಂದರೆ ಅವಳು ಮತ್ತು ಅಪ್ಪ. ಈ ಕೋಟೆಯ ಹಿರಿಯ ಶಿಲ್ಪಿ ಅಪ್ಪ. ಒಂಬತ್ತು ದಿನದ ಹಿಂದೆ ಮೇಲಿನ ಬುರುಜಿನ ಕೆಳಗೆ ಹೆಣವಾಗಿ ಸಿಕ್ಕಿದ್ದ. ಮುಖ ಗುರುತು ಸಿಗದಷ್ಟು ಜಜ್ಜಿಹೋಗಿತ್ತು. ಅಮ್ಮ ಅಂಗಿ ನೋಡಿ, ಬೆರಳಿನ ಉಂಗುರ ನೋಡಿ, "ಇವರೇ" ಎಂದಿದ್ದಳು. ಚಾಣಿಯನ್ನು ಹತ್ತಿರಕ್ಕೂ ಬಿಟ್ಟಿರಲಿಲ್ಲ.

ಚಾಣಿ ಎಂಬುದು ಅವಳ ಹೆಸರೇನಲ್ಲ. ಆರು ವರ್ಷದವಳಿದ್ದಾಗ ಅಪ್ಪನ ಚಾಣ ಕದ್ದು, ಮನೆಯ ಮೆಟ್ಟಿಲ ಮೇಲೆ ಬೆಕ್ಕು ಕೆತ್ತಿದ್ದಳು. ನೋಡಿದವರೆಲ್ಲ ಹಂದಿ ಎಂದರು. ಅಪ್ಪನೊಬ್ಬನೇ ಬೆಕ್ಕು ಎಂದ. ಅಂದಿನಿಂದ ಅವಳು ಚಾಣಿ. ಇಪ್ಪತ್ತೆಂಟು ತುಂಬಿದರೂ, ಅಪ್ಪನಷ್ಟೇ ಕೆಲಸ ಕಲಿತರೂ ಚಾಣಿ.

"ಸರಪಳಿ ತಾನಾಗೇ ಜಾರಿರಬಹುದಾ?" ಇನ್‌ಸ್ಪೆಕ್ಟರಮ್ಮ ಕೇಳಿದರು.

"ಇಲ್ಲ ಮೇಡಂ. ರಾಟೆಗೆ ಕಬ್ಬಿಣದ ಗೂಟ ಇದೆ. ಯಾರಾದ್ರೂ ಕೈಯಾರೆ ಕೀಳ್ಬೇಕು. ಕಲ್ಲು ಮತ್ತೆ ಎತ್ತೋಕೂ ಆ ಗೂಟವೇ ಬೇಕು."

"ಆ ಕೋಣೆ ಬೀಗದ ಕೈ?"

"ಎರಡು." ಕ್ಯುರೇಟರ್ ಜೇಬಿನಿಂದ ತನ್ನದನ್ನು ತೆಗೆದು ಬೆಳಕಿಗೆ ಹಿಡಿದ. "ಒಂದು ಇಲ್ಲಿದೆ. ಇನ್ನೊಂದು ಇವರ ತಂದೆ ಹತ್ರ ಇತ್ತು."

"ಹೆಣದ ಮೇಲೆ ಅದು ಸಿಕ್ಕಿಲ್ಲ," ಎಂದರು ಇನ್‌ಸ್ಪೆಕ್ಟರಮ್ಮ. "ಅಂದ್ರೆ ಅವರನ್ನ ತಳ್ಳಿದವನ ಹತ್ರ ಇದೆ. ಅವನು ಈಗ ನಮ್ಮ ತಲೆ ಮೇಲೇ ಇದ್ದಾನೆ."

ಮೂವರೂ ಮೇಲೆ ನೋಡಿದರು. ಚಾವಣಿಯ ನಡುವೆ, ಮೂರಾಳೆತ್ತರದಲ್ಲಿ, ಒಬ್ಬ ಮನುಷ್ಯ ತೂರುವಷ್ಟು ದೊಡ್ಡ ದುಂಡು ಕಂಡಿ. ಬಾವಲಿ ಬಾರದಂತೆ ಅದಕ್ಕೆ ಮರದ ಮುಚ್ಚಳ ಹೊದಿಸಿತ್ತು. ಮುಚ್ಚಳದ ಅಂಚಿನಲ್ಲಿ ಬಳೆಯಷ್ಟೇ ತೆಳ್ಳಗೆ ಹಗಲು ಇಣುಕುತ್ತಿತ್ತು.

ಇನ್‌ಸ್ಪೆಕ್ಟರಮ್ಮ ಮೊಬೈಲು ತೆಗೆದು ನೋಡಿ ಮತ್ತೆ ಜೇಬಿಗಿಟ್ಟರು. ಎರಡು ಮಾರು ದಪ್ಪದ ಗೋಡೆ; ಸಿಗ್ನಲ್ಲಿನ ಮಾತೇ ಇಲ್ಲ. "ಡ್ರೈವರಿಗೆ ಮಧ್ಯಾಹ್ನ ಬರ್ತೀನಿ ಅಂದಿದ್ದೆ. ನಾನು ಹೇಳಿದ ಹೊತ್ತಿಗೆ ಎಂದೂ ಬರಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತು. ಸಂಜೆವರೆಗೂ ಹಾಯಾಗಿ ನಿದ್ದೆ ಹೊಡೀತಾನೆ."

ನಗು ಬರಲಿಲ್ಲ ಯಾರಿಗೂ.

"ಇದಕ್ಕೆ ಇಲಿಬೋನು ಅಂತ ಹೆಸರು," ಕ್ಯುರೇಟರ್ ಇದ್ದಕ್ಕಿದ್ದಂತೆ ಹೇಳತೊಡಗಿದ. ಹೆದರಿದಾಗ ಪಾಠ ಹೇಳುವುದು ಅವನ ಚಾಳಿ. "ಮೊದಲನೇ ಬಾಗಿಲು ಒಡೆದು ನುಗ್ಗಿದ ಶತ್ರುಗಳು ಇಲ್ಲಿಗೇ ಬರಬೇಕು. ಮುಂದೆ ಗೋಡೆ. ಹಿಂದೆ ಈ ಕಲ್ಲು ಬೀಳ್ತಿತ್ತು. ಮೇಲಿನ ಕಂಡಿಯಿಂದ ಕಾದ ಮರಳು ಸುರೀತಿದ್ರು. ಒಂದು ಸಲ ಅದನ್ನೂ ಸುರೀಲಿಲ್ಲವಂತೆ. ಸುಮ್ನೆ ಮುಚ್ಚಿಟ್ಟು ನಾಲ್ಕನೇ ದಿನ ತೆಗೆದರಂತೆ."

"ಸಾಕು ನಿಲ್ಲಿಸಿ," ಎಂದರು ಇನ್‌ಸ್ಪೆಕ್ಟರಮ್ಮ. "ಹೇಗೂ ಎಲ್ಲೂ ಹೋಗೋ ಹಾಗಿಲ್ಲ. ಬಂದ ಕೆಲಸ ಮುಗಿಸೋಣ. ಚಾಣೀ, ಗೋಡೆ ನೋಡು."

ಗೋಡೆ ನೋಡಲೆಂದೇ ಅವಳನ್ನು ಕರೆತಂದಿದ್ದರು. ಸತ್ತವನ ಕೆಲಸದ ಚೀಲದಲ್ಲಿ ಸಿಕ್ಕ ಕಲ್ಲಿನ ಪುಡಿ ಈ ಬೆಟ್ಟದ್ದಲ್ಲ, ಕೆಳಗಿನ ಹೊಳೆದಂಡೆಯ ಮೆದುಗಲ್ಲಿನದು ಎಂದು ಪ್ರಯೋಗಾಲಯದವರು ಹೇಳಿದ್ದರು. ಬೆಟ್ಟಗಲ್ಲಿನ ಕೋಟೆಯಲ್ಲಿ ಮೆದುಗಲ್ಲಿಗೆ ಏನು ಕೆಲಸ? ಇನ್‌ಸ್ಪೆಕ್ಟರಮ್ಮ ಈ ಪ್ರಶ್ನೆ ಹಿಡಿದುಕೊಂಡು ನಾಲ್ಕು ದಿನದಿಂದ ಕೋಟೆಯ ಮೂಲೆಮೂಲೆ ಜಾಲಾಡುತ್ತಿದ್ದರು.

ಇಲಿಬೋನಿನ ಉದ್ದಗೋಡೆಯ ಮೇಲೆ, ಎದೆಮಟ್ಟದಲ್ಲಿ, ಸಾಲಾಗಿ ನಲವತ್ತೊಂದು ಜನ ನಡೆಯುತ್ತಿದ್ದರು. ಒಬ್ಬೊಬ್ಬರೂ ಮೊಳದೆತ್ತರ. ಅವರಲ್ಲಿ ದೊರೆಯಿಲ್ಲ, ಸೇನಾಪತಿಯಿಲ್ಲ. ಬಂಡೆಗೆ ಹಗ್ಗ ಕಟ್ಟಿ ಎಳೆಯುವವನು, ಸುಣ್ಣ ಅರೆಯುವವಳು, ಏಣಿ ಹೊತ್ತವನು, ಬೆವರು ಒರೆಸಿಕೊಳ್ಳುವವನು, ಕಾಲಿಗೆ ಚುಚ್ಚಿದ ಚೂರು ಕೀಳುತ್ತ ಕೂತವನು. ಕೋಟೆ ಕಟ್ಟಿಸಿದ ದೊರೆ ಕೆಲಸ ಮುಗಿಯುವ ಮೊದಲೇ ಸತ್ತ. ಮಗನಿಗೆ ಅಪ್ಪನ ಮೂರ್ತಿ ಮಾಡಿಸುವ ನೆನಪಾಗಲಿಲ್ಲ. ಕಲ್ಲುಕುಟಿಗರು ಸುಮ್ಮನೆ ತಮ್ಮನ್ನೇ ಕೆತ್ತಿಕೊಂಡು ಇಳಿದುಹೋದರು. ಯಾರೂ ಕಾಣದ ಈ ಕತ್ತಲಲ್ಲಿ ಕೆತ್ತಿದ್ದಕ್ಕೇ ಅವು ಉಳಿದವು. ಕೊನೆಯವನ ಮುಂದೆ ಮೊಳದಗಲದ ಕಲ್ಲನ್ನು ನಯ ಮಾಡಿ ಖಾಲಿ ಬಿಟ್ಟಿದ್ದರು. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ.

"ಟಾರ್ಚು ಎದುರಿಗೆ ಹಿಡೀಬೇಡಿ. ಗೋಡೆಗೆ ಒರಗಿಸಿ, ಅಡ್ಡಡ್ಡ ಹಿಡೀರಿ."

ಹಾಗೆ ಹಿಡಿದದ್ದೇ ತಡ, ಗೋಡೆಗೆ ಜೀವ ಬಂತು. ಒಂದೊಂದು ಚಾಣದ ಏಟಿಗೂ ನೆರಳು ಮೂಡಿತು. ಚಾಣಿ ಬೆರಳು ತಾಗಿಸದೆ, ಮೂಗು ತಾಗುವಷ್ಟು ಹತ್ತಿರ ಹೋಗಿ ನಡೆದಳು. ಎಡಮೇಲಿನಿಂದ ಬಲಗೆಳಗೆ ಓಡುವ ಗೆರೆಗಳು. ನಾಲ್ಕಾರು ಕೈಗಳ ಕೆಲಸ, ಆದರೆ ಎಲ್ಲವೂ ಒಂದೇ ಓರೆ.

ಹತ್ತೊಂಬತ್ತನೆಯ ಗೊಂಬೆಯ ಮುಂದೆ ಅವಳ ಕಾಲು ನಿಂತಿತು. ಬೆನ್ನಿಗೆ ಮಗು ಕಟ್ಟಿಕೊಂಡು ಬುಟ್ಟಿ ಹೊತ್ತವಳು. ಮಗುವಿನ ಕೆನ್ನೆ ಎಷ್ಟು ಚಂದ ಮೂಡಿತ್ತೆಂದರೆ, ಮುಟ್ಟಿದರೆ ಎಚ್ಚರಾದೀತು. ಆದರೆ ಗೆರೆಗಳು ಬಲಮೇಲಿನಿಂದ ಎಡಗೆಳಗೆ ಓಡಿದ್ದವು.

ಎಡಗೈಯವರ ಓರೆ.

ಚಾಣಿ ಏನೂ ಆಗದವಳಂತೆ ಮೂವತ್ತನಾಲ್ಕನೆಯದರವರೆಗೂ ನಿಲ್ಲದೆ ನಡೆದಳು.

"ಹಿಂದೆ ಬಾ," ಎಂದರು ಇನ್‌ಸ್ಪೆಕ್ಟರಮ್ಮ. "ಆ ಬುಟ್ಟಿಯವಳ ಮುಂದೆ ಉಸಿರು ಬಿಗಿ ಹಿಡಿದೆ ನೀನು. ನಾನು ಕಲ್ಲು ನೋಡ್ತಿರಲಿಲ್ಲ, ನಿನ್ನ ಮುಖ ನೋಡ್ತಿದ್ದೆ."

ಚಾಣಿ ಹಿಂದಿರುಗಿ ಹತ್ತೊಂಬತ್ತನೆಯವಳ ಮುಂದೆ ನಿಂತಳು.

"ನಿಮ್ಮಪ್ಪ ಎಡಚ ಅಲ್ವಾ?"

"ಹೌದು."

"ಇದು ಅವರ ಕೈಯಾ?"

ಸತ್ತ ಅಪ್ಪನನ್ನು ಕಳ್ಳನೆಂದು ತಾನೇ ಬೆರಳು ಮಾಡಿ ತೋರಿಸಬೇಕಲ್ಲ. ಸುಳ್ಳು ಹೇಳಲು ಬಾಯಿ ತೆರೆದಳು. ಬಾಯಿಂದ ಬಿದ್ದದ್ದು ಮಾತ್ರ "ಇಪ್ಪತ್ತೇಳು, ಮೂವತ್ಮೂರು ಸಹ" ಎಂಬ ಮಾತು.

ಟಾರ್ಚಿನ ಬೆಳಕು ನಿಧಾನವಾಗಿ ತಿರುಗಿ ಕ್ಯುರೇಟರನ ಮುಖದ ಮೇಲೆ ನಿಂತಿತು.

"ನೀವು ದಿನಾ ನೋಡೋ ಗೋಡೆ. ಮೂರು ಗೊಂಬೆ ಬದಲಾಗಿದ್ದು ಗೊತ್ತಾಗ್ಲಿಲ್ಲವಾ?"

"ನಾನು… ಶಿಲ್ಪಿಯಲ್ಲವಲ್ಲ ಮೇಡಂ."

"ಅಂಗಿ ಜೇಬಲ್ಲಿ ಏನಿದೆ?"

"ಏನೂ ಇಲ್ಲ."

"ಬೆಳಿಗ್ಗೆ ನಿಮ್ಮ ಆಫೀಸಿಗೆ ಬಂದಾಗ ಏನೋ ಓದ್ತಿದ್ರಿ. ನನ್ನ ನೋಡಿ ಒಳಗೆ ತುರುಕಿದ್ರಿ. ಇಲ್ಲಿಗೆ ಬರೋಣ ಅಂದಾಗ ಇವತ್ತು ಬೇಡ, ನಾಳೆ ಹೋಗೋಣ ಅಂತ ಮೂರು ಸಲ ಹೇಳಿದ್ರಿ. ಕೊಡಿ ಇಲ್ಲಿ."

ಅವನು ಚೀಟಿ ಕೊಟ್ಟ. ಅದರಲ್ಲಿ ಪೆನ್ಸಿಲಿನಲ್ಲಿ ದಪ್ಪಕ್ಷರದ ಎರಡೇ ಸಾಲು. ಇನ್‌ಸ್ಪೆಕ್ಟರಮ್ಮ ಗಟ್ಟಿಯಾಗಿ ಓದಿದರು. "ಗೊಂಬೆಗಳ ವಿಷಯ ಗೊತ್ತಿದೆ. ಹತ್ತೂವರೆಗೆ ಇಲಿಬೋನಿಗೆ ಒಬ್ಬರೇ ಬನ್ನಿ."

ಈಗ ಹತ್ತು ಮುಕ್ಕಾಲು.

ಕ್ಯುರೇಟರ್ ಕುಸಿದು ನೆಲದ ಮೇಲೇ ಕೂತ. ಕಲ್ಲು ಬಿದ್ದಾಗ ಕಳೆದುಕೊಳ್ಳದ ಧೈರ್ಯವನ್ನು ಎರಡು ಸಾಲು ಕಳೆದಿತ್ತು.

"ಅವರು ಕಳ್ಳ ಅಲ್ಲ," ಎಂದ, ಚಾಣಿಯ ಕಡೆ ನೋಡದೆ. "ನಿಮ್ಮ ತಂದೆಗೆ ನಾನು ಹೇಳಿದ್ದು ಬೇರೆ. ತೇವಕ್ಕೆ ಹಳೇ ಗೊಂಬೆ ಪುಡಿಯಾಗ್ತಿದೆ, ಬಿಡಿಸಿ ಉಗ್ರಾಣದಲ್ಲಿ ಕಾಪಾಡಿಡೋಣ, ಆ ಜಾಗಕ್ಕೆ ನಕಲು ಕೂರಿಸೋಣ ಅಂದೆ. ಅವರು ನಂಬಿದ್ರು. ಮೂರು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಕೊಂಡು ಮಾಡಿದ್ರು."

"ಅಸಲಿ ಗೊಂಬೆಗಳು ಎಲ್ಲಿ?"

"ಹೋದವು. ಕೊಳ್ಳೋರ ಕಡೆಯ ಒಬ್ಬ ವ್ಯಾನಿನವನು ಸಾಗಿಸ್ತಿದ್ದ. ಎಲ್ಲಿಗೆ ಅಂತ ನನಗೂ ಹೇಳ್ತಿರಲಿಲ್ಲ."

"ಅಪ್ಪಂಗೆ ಯಾವಾಗ ಗೊತ್ತಾಯ್ತು?" ಚಾಣಿ ಕೇಳಿದಳು.

"ಅವರು ಬಿದ್ದ ದಿನವೇ. ಬುಟ್ಟಿ ಹೊತ್ತವಳ ಮೂಗು ಒಂದು ಸಲ ಅಳತೆ ಮಾಡಬೇಕು, ಉಗ್ರಾಣದ ಬಾಗಿಲು ತೆಗೀರಿ ಅಂದ್ರು. ನಾನು ಸಬೂಬು ಹೇಳಿದೆ. ಅವರೇ ಹೋಗಿ ಕಿಟಕೀಲಿ ಇಣುಕಿದ್ರು. ಒಳಗೆ ಏನಿರತ್ತೆ, ಮಣ್ಣು. ಬಂದು ನನ್ನ ಕೊರಳಪಟ್ಟಿ ಹಿಡಿದ್ರು. ಸಂಜೆಯೊಳಗೆ ಪೊಲೀಸರಿಗೆ ಹೇಳ್ತೀನಿ ಅಂದ್ರು."

"ತಳ್ಳಿದ್ರಿ," ಎಂದರು ಇನ್‌ಸ್ಪೆಕ್ಟರಮ್ಮ.

"ಇಲ್ಲ! ನನ್ನ ಮಕ್ಕಳಾಣೆ ಇಲ್ಲ. ನಾನು ವ್ಯಾನಿನವನಿಗೆ ಫೋನ್ ಮಾಡಿದೆ, ಅಷ್ಟೇ. ಮಾತಾಡಿ ಒಪ್ಪಿಸ್ತೀನಿ ಅಂತ ಅವನು ಇವರ ತಂದೆ ಇದ್ದ ಬುರುಜಿಗೆ ಹತ್ತಿದ. ಆಮೇಲೆ ಸಿಕ್ಕಿದ್ದು ಹೆಣ. ಅವನು ಆವತ್ತಿಂದ ನಾಪತ್ತೆ. ಫೋನ್ ಇಲ್ಲ, ಮನೇಲಿಲ್ಲ. ವ್ಯಾನು ಇನ್ನೂ ಕೆಳಗಿನ ಬಾಗಿಲ ಹತ್ರ ಧೂಳು ತಿಂತಾ ನಿಂತಿದೆ. ತಳ್ಳಿ ಓಡಿಹೋದ ಅಂದ್ಕೊಂಡೆ. ಈಗ ವಾಪಸ್ ಬಂದು ನನ್ನ ಬಾಯಿ ಮುಚ್ಚಿಸೋಕೆ ಹೊರಟಿದ್ದಾನೆ. ಮೇಲೆ ಇರೋದು ಅವನೇ."

"ನೋಡೋಕೆ ಹೇಗಿದ್ದ ಅವನು?"

"ಹೇಗೆ ಅಂದ್ರೆ… ಐವತ್ತರ ಮೇಲೆ. ಗಟ್ಟಿ ಆಳು. ಹಿಂದಿನಿಂದ ನೋಡಿದ್ರೆ ಥೇಟ್ ಇವರ ತಂದೆ ಹಾಗೇ. ನಾನೇ ಒಂದೆರಡು ಸಲ ಮೋಸ ಹೋಗಿದ್ದೆ."

ಇನ್‌ಸ್ಪೆಕ್ಟರಮ್ಮ ಮುಂದೇನೋ ಕೇಳುತ್ತಿದ್ದರು. ಚಾಣಿಗೆ ಕೇಳಿಸಲಿಲ್ಲ. ಅಪ್ಪ ಕಳ್ಳನಲ್ಲ ಎಂಬ ಒಂದೇ ಮಾತು ಅವಳ ಎದೆಯೊಳಗೆ ಸುತ್ತುತ್ತಿತ್ತು. ಒಂಬತ್ತು ದಿನದಿಂದ ಬಾರದ ಅಳು ಈಗ ನುಗ್ಗಿ ಬಂತು. ಇವರ ಮುಂದೆ ಅಳಬಾರದೆಂದು ಅವಳು ಗೋಡೆಯುದ್ದಕ್ಕೂ ತಡಕಾಡುತ್ತ ಮೂಲೆಗೆ ಹೋದಳು. ಸಾಲಿನ ಕೊನೆ. ನಯ ಮಾಡಿ ಖಾಲಿ ಬಿಟ್ಟ ಕಲ್ಲು. ಅದಕ್ಕೆ ಹಣೆ ಒರಗಿಸಿ ನಿಂತಳು.

ಹಣೆಗೆ ಏನೋ ಒತ್ತಿತು.

ಕೈಯಿಂದ ಸವರಿದಳು. ಕಲ್ಲು ನಯವಾಗಿರಲಿಲ್ಲ. ಅಂಗೈ ಕೆಳಗೆ ಒಂದು ಭುಜ, ಒಂದು ಕತ್ತು, ಎತ್ತಿ ಕಟ್ಟಿದ ಕೂದಲು.

ತನ್ನ ಮೊಬೈಲನ್ನು ಅಂಗೈಯಲ್ಲಿ ಮರೆಮಾಡಿ, ಅದರ ಪರದೆಯ ಮಂಕು ಬೆಳಕನ್ನು ಅಡ್ಡಡ್ಡ ಹಿಡಿದಳು. ಸಾಲಿಗೆ ಹೊಸಬಳೊಬ್ಬಳು ಸೇರಿದ್ದಳು. ಕೆಳಗಿನ ಅರ್ಧ ಇನ್ನೂ ಕಲ್ಲಿನೊಳಗೇ ಇತ್ತು. ಸೊಂಟದ ಮೇಲಿನದಷ್ಟೇ ಹೊರಗೆ ಬಂದಿತ್ತು. ಕೂದಲಿಗೆ ಬಟ್ಟೆ ಬಿಗಿದು, ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿದ ಹುಡುಗಿ. ಕೈಯಲ್ಲಿ ಚಾಣ. ಕೆಳದುಟಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು. ಸೂಕ್ಷ್ಮ ಕೆಲಸ ಮಾಡುವಾಗ ತಾನು ಹಾಗೆ ಕಚ್ಚುತ್ತೇನೆಂದು ಚಾಣಿಗೆ ಗೊತ್ತಿದ್ದದ್ದೇ ಅಪ್ಪ ಅಣಕಿಸಿ ತೋರಿಸಿದ್ದರಿಂದ.

ಗೆರೆಗಳು ಬಲಮೇಲಿನಿಂದ ಎಡಗೆಳಗೆ.

ಸಾಯುವ ಮೊದಲು ಮಾಡಿಟ್ಟದ್ದು ಎಂದುಕೊಂಡಳು. ಕಣ್ಣೀರು ಒರೆಸಿಕೊಂಡು ಕೆಳಗೆ ನೋಡಿದಳು. ಗೋಡೆಯ ಬುಡದಲ್ಲಿ ಹಿಟ್ಟು ಚೆಲ್ಲಿದಂತೆ ಬೆಳ್ಳಗೆ ಕಲ್ಲಿನ ಪುಡಿ ಬಿದ್ದಿತ್ತು. ತನ್ನ ಹೆಜ್ಜೆ ಬಿಟ್ಟರೆ ಅದರ ಮೇಲೆ ಬೇರೆ ಗುರುತೇ ಇರಲಿಲ್ಲ.

ಪೊಲೀಸರು ನಾಲ್ಕು ದಿನದ ಹಿಂದೆ ಈ ಕೋಣೆಯ ಕಸವನ್ನೆಲ್ಲ ಗುಡಿಸಿ ಚೀಲಕ್ಕೆ ತುಂಬಿಕೊಂಡು, ಬಾಗಿಲಿಗೆ ತಡೆಪಟ್ಟಿ ಕಟ್ಟಿ ಹೋಗಿದ್ದರು. ಇಂದು ಆ ಪಟ್ಟಿ ಬಿಚ್ಚಿದ್ದು ಇನ್‌ಸ್ಪೆಕ್ಟರಮ್ಮನೇ. ಈ ಪುಡಿ ಬಿದ್ದದ್ದು ಆ ನಾಲ್ಕು ದಿನದೊಳಗೆ. ಮೇಲಿನ ಕಂಡಿಯಿಂದ ಹಗ್ಗ ಹಿಡಿದು ಇಳಿದವನು ಕೆತ್ತಿದ್ದು. ಒಂಬತ್ತು ದಿನದ ಹಿಂದೆ ಸತ್ತವನು ಕೆತ್ತಿದ್ದು.

ಬುರುಜಿಗೆ ಹತ್ತಿದ್ದು ಇಬ್ಬರು. ಬಿದ್ದದ್ದು ಒಬ್ಬ. ಹಿಂದಿನಿಂದ ನೋಡಿದರೆ ಇಬ್ಬರೂ ಒಂದೇ.

'ಅಪ್ಪ ಬದುಕಿದ್ದಾನೆ' ಎಂಬ ಸಂತೋಷ ಬಂದು ಮುಟ್ಟುವ ಮೊದಲೇ ಅದರ ಬೆನ್ನಿಗಂಟಿಕೊಂಡು ಇನ್ನೊಂದು ಮಾತು ಎದ್ದಿತು. ಹಾಗಾದರೆ ಹೆಣಕ್ಕೆ ತನ್ನ ಅಂಗಿ ತೊಡಿಸಿದವನು, ಆ ಮುಖ ಜಜ್ಜಿದವನು…

"ಅಲ್ಲೇನಿದೆ ಚಾಣೀ?" ಇನ್‌ಸ್ಪೆಕ್ಟರಮ್ಮನ ಪ್ರಶ್ನೆ.

ಅವಳು ಥಟ್ಟನೆ ತಿರುಗಿ ಗೊಂಬೆಗೆ ಬೆನ್ನು ಕೊಟ್ಟು ನಿಂತಳು. ಕಲ್ಲಿನ ಹುಡುಗಿಯ ಚಾಣ ಬೆನ್ನುಮೂಳೆಗೆ ಒತ್ತುತ್ತಿತ್ತು.

"ಏನಿಲ್ಲ. ಖಾಲಿ ಜಾಗ."

"ಅಳ್ತಿದ್ದೀಯಾ?"

"ಅಪ್ಪ ನೆನಪಾದ."

ಅದಂತೂ ಸುಳ್ಳಲ್ಲ. ಇನ್‌ಸ್ಪೆಕ್ಟರಮ್ಮ ಅವಳ ಮುಖದ ಮೇಲಿಂದ ಬೆಳಕು ತೆಗೆಯಲಿಲ್ಲ. ಒಂದು, ಎರಡು, ಮೂರು ಉಸಿರಿನಷ್ಟು ಹೊತ್ತು ನೋಡಿದರು. ಆಮೇಲೆ ಅವಳ ಕಡೆಗೆ ಒಂದು ಹೆಜ್ಜೆ ಇಟ್ಟರು. ಇನ್ನೊಂದು. ಈ ಕೋಣೆ ಅಷ್ಟು ಸಣ್ಣದೆಂದು ಚಾಣಿಗೆ ಅದುವರೆಗೆ ಅನ್ನಿಸಿರಲಿಲ್ಲ.

ಅಷ್ಟರಲ್ಲಿ ಮೇಲೆ ಸದ್ದಾಯಿತು.

ಯಾರೋ ನಡೆಯುತ್ತಿದ್ದರು. ನಡಿಗೆ ಕಂಡಿಯ ಹತ್ತಿರ ಬಂದು ನಿಂತಿತು. ಇನ್‌ಸ್ಪೆಕ್ಟರಮ್ಮ ಟಾರ್ಚು ಆರಿಸಿದರು. ಕತ್ತಲಲ್ಲಿ ಅವರ ಪಿಸ್ತೂಲಿನ ಕುದುರೆ ಎಳೆದ ಸಣ್ಣ ಶಬ್ದ.

"ಯಾರೂ ತುಟಿ ಬಿಚ್ಚಬೇಡಿ," ಪಿಸುಗುಟ್ಟಿದರು. "ತಲೆ ಒಳಗೆ ಹಾಕಲಿ."

ಮುಚ್ಚಳ ಕರಕರ ಸರಿಯತೊಡಗಿತು. ಬೆಳಕಿನ ಬಳೆ ಚಂದ್ರನ ಚೂರಾಯಿತು, ಅರ್ಧಚಂದ್ರವಾಯಿತು. ಅದರ ಕೆಳಗೆ, ಗೋಡೆಗೆ ಅಂಟಿ, ಎರಡೂ ಕೈಯಲ್ಲಿ ಪಿಸ್ತೂಲು ಎತ್ತಿ ಹಿಡಿದ ಇನ್‌ಸ್ಪೆಕ್ಟರಮ್ಮ ಚಾಣಿಗೆ ಕಂಡರು. ಮೇಲಿದ್ದವರಿಗೆ ಅವರು ಕಾಣುವಂತಿರಲಿಲ್ಲ.

"ಹೊಡೆದುಬಿಡಿ," ಕ್ಯುರೇಟರ್ ಹಲ್ಲು ಕಚ್ಚಿ ಉಸುರಿದ. "ಅವನು ಕೊಲೆಗಾರ. ಹೊಡೀರಿ."

ಬೆಳಕಿಗೆ ಒಂದು ನೆರಳು ಅಡ್ಡ ಬಂತು. ಭುಜ. ಬಗ್ಗುತ್ತಿರುವ ತಲೆ.

ಕೂಗಿದರೆ ಅಪ್ಪನ ಗುಟ್ಟು ಬಯಲು. ಕೂಗದಿದ್ದರೆ ಅಪ್ಪನೇ ಇಲ್ಲ. ಲೆಕ್ಕ ಹಾಕುವಷ್ಟು ಹೊತ್ತು ಯಾರ ಬಳಿಯೂ ಇರಲಿಲ್ಲ.

"ಅಪ್ಪಾ, ಬಗ್ಗಬೇಡ! ಹಿಂದಕ್ಕೆ ಹೋಗು!"

ಅವಳ ಕೂಗು ನಾಲ್ಕೂ ಗೋಡೆಗೆ ಬಡಿದು ಅಪ್ಪಾ, ಅಪ್ಪಾ ಎಂದು ಮರಳಿತು. ನೆರಳು ಸರಕ್ಕನೆ ಹಿಂದೆ ಸರಿಯಿತು. ಗುಂಡು ಹಾರಲಿಲ್ಲ.

ಇನ್‌ಸ್ಪೆಕ್ಟರಮ್ಮ ಪಿಸ್ತೂಲು ಇಳಿಸದೆಯೇ ಕತ್ತು ತಿರುಗಿಸಿ ಚಾಣಿಯನ್ನು ನೋಡಿದರು. ಆಮೇಲೆ ಅವಳ ಬೆನ್ನ ಹಿಂದಿನ ಗೋಡೆಯನ್ನು. ಕಂಡಿಯ ಬೆಳಕು ಈಗ ನೇರ ಅಲ್ಲಿಗೇ ಬೀಳುತ್ತಿತ್ತು.

"ಅಪ್ಪನಾ?" ಎಂದರು ಮೆಲ್ಲಗೆ.

ಕ್ಯುರೇಟರ್ ಗರ ಬಡಿದವನಂತೆ ಬಾಯಿ ತೆರೆದೇ ಕೂತಿದ್ದ.

ಮೇಲಿನಿಂದ ಆ ದನಿ ಬಂತು. ಒಂಬತ್ತು ದಿನದ ಹಿಂದೆ ಮಣ್ಣಿಗಿಟ್ಟು ಬಂದಿದ್ದ ದನಿ. ಧೂಳು ಕುಡಿದು ಕುಡಿದು ಒಡೆದ, ಜಗತ್ತಿನಲ್ಲಿ ಇನ್ನೊಂದಿರಲು ಸಾಧ್ಯವೇ ಇಲ್ಲದ ದನಿ.

"ಚಾಣೀ? ನೀನ್ಯಾಕೆ ಒಳಗಿದ್ದೀಯ?"

ಅವಳು ಕಂಡಿಯ ಬೆಳಕಿನ ಕೆಳಗೆ ಬಂದು ಮುಖ ಮೇಲೆತ್ತಿದಳು.

"ಅವನೊಬ್ಬನೇ ಬರ್ತಾನೆ ಅಂದೆಯಲ್ಲ," ಎಂದಿತು ದನಿ, ಈ ಸಲ ಕಂಡಿಯಿಂದ ಬೇರೆ ಕಡೆ ತಿರುಗಿ. "ಮಗಳು ಹೇಗೆ ಬಂದಳು?"

ಆ ಪ್ರಶ್ನೆ ಕೆಳಗಿದ್ದ ಯಾರಿಗೂ ಕೇಳಿದ್ದಲ್ಲ.

ಮೇಲೆ ಇನ್ನೊಬ್ಬರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಿಕ್ಕಿದರು. ಆ ಬಿಕ್ಕನ್ನು ಚಾಣಿ ಒಂಬತ್ತು ದಿನದಿಂದ ಪಕ್ಕದ ಕೋಣೆಯಲ್ಲಿ ಕೇಳುತ್ತಲೇ ಇದ್ದಳು.

"ಚೀಟಿ ಆಫೀಸಿನ ಮೇಜಿನ ಮೇಲೆ ನಾನೇ ಇಟ್ಟು ಬಂದೆ ಕಣ್ರೀ," ಎಂದಳು ಅಮ್ಮ. "ಇವಳು ಪೊಲೀಸರ ಜೊತೆ ಬರ್ತಾಳೆ ಅಂತ ನಂಗೇನು ಗೊತ್ತು? ಈಗ ಏನ್ರೀ ಮಾಡೋದು? ನೀವು ಆ ರಾಟೆ ಗೂಟ ಕಿತ್ತು ಹಗ್ಗದ ಜೊತೆ ಬೆಟ್ಟದ ಕೆಳಗೆಸೆದಾಯ್ತಲ್ಲ."